ಮೂರು ಲೂಪುಗಳ ಬಾಯಿಪಾಠ



ಎರಡು ಮಾತೃಕೆಗಳನ್ನು ಗುಣಿಸುವ ಪ್ರೋಗ್ರಾಮನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದನ್ನು ಶಿಕ್ಷಣವೆಂದು ನಾನು ಒಪ್ಪಲಾರೆ. ಅರಿಶಿನಕುಂಟೆಯ ಸುತ್ತಮುತ್ತಲಿನ ಪಿಯುಸಿ ಮಕ್ಕಳು ಗಣಿತದ ಸಂದೇಹಗಳನ್ನು ಹೊತ್ತು ಈಗಲೂ ನಮ್ಮ ಮನೆಗೆ ಬರುತ್ತಾರೆ. ಅವರ ಕಂಪ್ಯೂಟರ್ ವಿಜ್ಞಾನದ ರೆಕಾರ್ಡ್ ಪುಸ್ತಕ ತೆರೆದರೆ ಅಕ್ಷರ ಮುತ್ತಿನಂತಿರುತ್ತದೆ. "ಕೂಡುವುದಕ್ಕೆ ಎರಡು ಲೂಪು ಸಾಕಾಯಿತು, ಗುಣಿಸುವುದಕ್ಕೆ ಮೂರು ಏಕೆ?" ಎಂದರೆ, "ನೋಟ್ಸಿನಲ್ಲಿ ಹಾಗೇ ಇದೆ ಸಾರ್" ಎಂಬ ಉತ್ತರ! ತಪ್ಪು ಮಕ್ಕಳದಲ್ಲ, ಸಿದ್ಧ ನೋಟ್ಸ್ ಹಂಚಿ ಕೈತೊಳೆದುಕೊಂಡವರದು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಹತ್ತನೆಯ ತರಗತಿಯ ಗಣಿತದಲ್ಲಿಯೇ ಮಾತೃಕೆಗಳಿದ್ದವು; ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆರ್ಥರ್ ಕೇಲಿ 1858ರಲ್ಲಿ ಈ ಗುಣಾಕಾರವನ್ನು ನಿರೂಪಿಸಿದಾಗ ಅವನ ಮುಂದೆ ಕಂಪ್ಯೂಟರ್ ಇರಲಿಲ್ಲ. ಕಾಗದ, ಲೇಖನಿ ಸಾಕಾಗಿದ್ದವು.

ನಮ್ಮ ಮಕ್ಕಳಿಗೂ ಮೊದಲು ಅವೇ ಸಾಕು. ಎರಡು ಕುಟುಂಬಗಳಿವೆಯೆನ್ನಿ. ಮೊದಲನೆಯದಕ್ಕೆ 4 ಕೆಜಿ ಈರುಳ್ಳಿ, 3 ಕೆಜಿ ಆಲೂಗಡ್ಡೆ, 1 ಕೆಜಿ ಬೆಳ್ಳುಳ್ಳಿ ಬೇಕು. ಎರಡನೆಯದಕ್ಕೆ 2, 5, 2. ನೆಲಮಂಗಲದಲ್ಲಿ ಕೆಜಿಗೆ 30, 40, 200 ರೂಪಾಯಿ. ಯಶವಂತಪುರದಲ್ಲಿ 25, 35, 180. (ದರಗಳು ಲೆಕ್ಕಕ್ಕಾಗಿ ಕಲ್ಪಿಸಿದವು; ಜಗಳಕ್ಕೆ ಬರಬೇಡಿ.) ಕುಟುಂಬಗಳು ಅಡ್ಡಸಾಲು, ಪೇಟೆಗಳು ಕಂಬಸಾಲು. ಮೊದಲನೆಯ ಕುಟುಂಬಕ್ಕೆ ನೆಲಮಂಗಲದಲ್ಲಿ 120, 120, 200 ಕೂಡಿ 440, ಯಶವಂತಪುರದಲ್ಲಿ 385. ಎರಡನೆಯದಕ್ಕೆ 660 ಮತ್ತು 585. ಯಾವ ಕುಟುಂಬ ಎನ್ನುವುದಕ್ಕೆ ಒಂದು ಲೂಪು, ಯಾವ ಪೇಟೆ ಎನ್ನುವುದಕ್ಕೆ ಇನ್ನೊಂದು, ಪದಾರ್ಥಗಳ ಮೇಲೆ ನಡೆದು ಮೊತ್ತ ಕಟ್ಟುವುದಕ್ಕೆ ಮೂರನೆಯದು. ಕಳೆದ ತಿಂಗಳ ಬಿಲ್ಲಿಗೆ ಈ ತಿಂಗಳದ್ದನ್ನು ಕೂಡುವಾಗ ಚೌಕಕ್ಕೆ ಚೌಕ ಸೇರಿದರಾಯಿತು. ಅಲ್ಲಿ ಮೂರನೆಯ ಲೂಪಿಗೆ ಕೆಲಸವಿಲ್ಲ.

ಈಗ, ಮೊತ್ತವನ್ನು ಶೂನ್ಯ ಮಾಡುವ ಸಾಲನ್ನು ಒಳಗಿಡದೆ ಪ್ರೋಗ್ರಾಮಿನ ಆರಂಭದಲ್ಲಿ ಒಂದೇ ಬಾರಿ ಬರೆದ ಹುಡುಗನಿಗೆ ಎರಡನೆಯ ಉತ್ತರ 825 ಎಂದು ಬರುತ್ತದೆ. ಕಂಪ್ಯೂಟರ್ ಯಾವ ತಕರಾರನ್ನೂ ಮಾಡದು. ಬಾಯಿಪಾಠದವನು 825 ಅನ್ನೇ ರೆಕಾರ್ಡಿಗೆ ಇಳಿಸುತ್ತಾನೆ. ಕಾಗದದ ಮೇಲೆ ಲೆಕ್ಕ ಮಾಡಿದವನು ನೆಲಮಂಗಲದ 440 ಯಶವಂತಪುರದ ಬಿಲ್ಲಿಗೆ ಸೇರಿಕೊಂಡಿದೆಯೆಂದು ಕೂಡಲೇ ಹಿಡಿಯುತ್ತಾನೆ.

"ಮೊದಲು ಅಂಕ ಬರಲಿ, ಅರ್ಥ ಆಮೇಲೆ" ಎನ್ನುವ ಪೋಷಕರಿದ್ದಾರೆ. ಆ 'ಆಮೇಲೆ' ಬಂದದ್ದನ್ನು ನಾನು ಕಂಡಿಲ್ಲ. ಸಿ ಪ್ಲಸ್ ಪ್ಲಸ್ ಹೋಗಿ ಪೈಥಾನ್ ಬಂದೊಡನೆ ಬಾಯಿಪಾಠ ನಿರುಪಯುಕ್ತವಾಗುತ್ತದೆ, ಅಷ್ಟೆ.

ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ನನ್ನ ಶಿಷ್ಯರದು ಬೇರೆ ವಾದ: "ನಮ್‌ಪೈ ಒಂದೇ ಸಾಲಿನಲ್ಲಿ ಗುಣಿಸುತ್ತದೆ ಸಾರ್, ಈ ಶ್ರಮವೇಕೆ?" ಒಳ್ಳೆಯದು. ಆದರೆ ಅದರ ಅರೇಗಳ ನಡುವೆ '*' ಹಾಕಿದರೆ ಚೌಕಕ್ಕೆ ಚೌಕ ಗುಣಿಸುತ್ತದೆಯೇ ಹೊರತು ಮಾತೃಕೆಯ ಗುಣಾಕಾರ ಆಗುವುದಿಲ್ಲ. ಅದಕ್ಕೆ '@' ಬೇಕು; ಪೈಥಾನಿಗೆ ಆ ಚಿಹ್ನೆ ಬಂದದ್ದೇ 2015ರಲ್ಲಿ. ಎರಡೂ ಒಂದೇ ಅಳತೆಯ ಚೌಕ ಮಾತೃಕೆಗಳಾಗಿದ್ದರೆ ದೋಷಸಂದೇಶವೂ ಬಾರದೆ ತಪ್ಪು ಉತ್ತರ ಗಂಭೀರವಾಗಿ ಕುಳಿತಿರುತ್ತದೆ. ಯಾವ ಗುಣಾಕಾರ ಬೇಕೆಂದು ತಿಳಿಯದವನಿಗೆ ಆ ಒಂದು ಸಾಲು ಏನು ಮಾಡೀತು?

ಆದ್ದರಿಂದ ಬೆಂಗಳೂರಿನಲ್ಲಿರುವ, ಹೊರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹಬ್ಬಕ್ಕೆ ಊರಿಗೆ ಬಂದಾಗ ಅಣ್ಣನ ಮಗನ, ತಂಗಿಯ ಮಗಳ ರೆಕಾರ್ಡ್ ಪುಸ್ತಕವನ್ನು ತೆರೆಸಿ, ಒಂದು ಬಿಳಿ ಹಾಳೆ ಕೊಟ್ಟು ಈ ತರಕಾರಿ ಲೆಕ್ಕವನ್ನೇ ಮಾಡಿಸಿ. ಬಳಿಕ ಶೂನ್ಯದ ಸಾಲು ಎಲ್ಲಿರಬೇಕು, ಏಕೆ ಎಂದು ಕೇಳಿ.