ಕಲಾಯಿ ಹಾಕಿಸುವ ಮೊದಲು ಪಾತ್ರೆ ಬಡಿದು ನೋಡಿ

2025ರ ವೈಶಾಖ. ಒಂದು ಮದುವೆಯ ಅಡುಗೆ ಮುಗಿಸಿ, ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ ಪಾತ್ರೆ ಹೇರಿಕೊಂಡು ಓಮ್ನಿ ಶುರು ಮಾಡಿದೆ. ಎಲೆ ಎತ್ತುತ್ತಿದ್ದವರೆಲ್ಲ ಕೆಮ್ಮತೊಡಗಿದರು. ‘ಭಟ್ರೇ, ಒಲೆ ಆರಿಸ್ದೇ ಹೊರಟ್ರಾ?’ ಎಂದು ಯಾರೋ ಕೂಗಿದರು. ಕನ್ನಡಿಯಲ್ಲಿ ನೋಡಿದರೆ ಮಂಟಪದ ಗೋಡೆಯೇ ಕಾಣುತ್ತಿರಲಿಲ್ಲ. ನೀಲಿ ಹೊಗೆ.

ನಾನು ಸಾಗರ ಸೀಮೆಯ ಅಡುಗೆಯವನು. ಮದುವೆ, ಉಪನಯನ, ವೈಕುಂಠ ಸಮಾರಾಧನೆ, ಕರೆದಲ್ಲಿಗೆ ಹೋಗುತ್ತೇನೆ. ಗಾಡಿ 2004ರ ಮಾರುತಿ ಓಮ್ನಿ, ಆಗ ಓಡಿದ್ದು 2,38,000 ಕಿ.ಮೀ. ಅಡುಗೆಯವನಿಗೆ ಇದಕ್ಕಿಂತ ಒಳ್ಳೆಯ ಗಾಡಿ ಹುಟ್ಟಿಲ್ಲ ಎಂಬುದು ನನ್ನ ಹಟ. ಎರಡೂ ಕಡೆ ಜಾರುವ ಬಾಗಿಲು, ತಗ್ಗಿನ ನೆಲ. ಹಿಂದಿನ ಸೀಟು ಮಡಚಿದರೆ ಎರಡು ಕೊಪ್ಪರಿಗೆ, ಹೋಳಿಗೆ ಕಾವಲಿ, ಒಲೆ ಎಲ್ಲ ಹಿಡಿಯುತ್ತದೆ. ಸಿಗಂದೂರಿನ ಸೇತುವೆ ಆಗುವ ಮೊದಲು ತುಮರಿ ಕಡೆಯ ಮದುವೆಗಳಿಗೆ ಇದೇ ಗಾಡಿ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿದೆ. ಕಂಪನಿ 2019ರಲ್ಲಿ ಇದನ್ನು ಮಾಡುವುದನ್ನೇ ನಿಲ್ಲಿಸಿತು.

ಹೊಗೆಗೂ ಭಾಷೆ ಇದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಿರುತ್ತಾರೆ. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ. ನೀಲಿಯೆಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಅದರಲ್ಲೂ ಬೆಳಗ್ಗೆ ಶುರು ಮಾಡಿದಾಗ ಒಂದು ಗುಕ್ಕು ಬಂದು ನಿಂತರೆ ವಾಲ್ವ್ ಸೀಲ್ ಹೋಗಿರಬಹುದು, ಅದು ಸಣ್ಣ ಖರ್ಚು. ನನ್ನದು ನಿಲ್ಲುವ ಹೊಗೆಯಲ್ಲ. ಸಾವಿರ ಕಿ.ಮೀ. ಓಡುವುದರೊಳಗೆ ಒಂದು ಲೀಟರ್ ಆಯಿಲ್ ಸುರಿಯಬೇಕಾಗುತ್ತಿತ್ತು.

ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಮಾರುತಿ 800ಕ್ಕೆ ಹಾಕುತ್ತಿದ್ದ ಅದೇ 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್. ಸೀಟು ಎತ್ತಿ, ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಸಿಕ್ಕಿಸಿ ಕಂಪ್ರೆಷನ್ ನೋಡಿದರು. ಎರಡರಲ್ಲಿ ಮುಳ್ಳು 140ರ ಹತ್ತಿರ ನಿಂತಿತು. ಮೂರನೆಯದರಲ್ಲಿ 90. ಆ ಸಿಲಿಂಡರಿಗೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ನೋಡಿದರು, 125ಕ್ಕೆ ಏರಿತು. ‘ವಾಲ್ವ್ ಅಲ್ಲ ಭಟ್ರೇ, ರಿಂಗ್ ಸವೆದಿದೆ. ಆಯಿಲ್ ಹೋಗಿ ಸಂದು ಮುಚ್ಚಿತು, ಅದಕ್ಕೇ ಏರಿತು’ ಎಂದರು. ಹತ್ತು ನಿಮಿಷದ ಪರೀಕ್ಷೆ. ಇದನ್ನು ಮಾಡದೆ ‘ಇಂಜಿನ್ ಹೋಯ್ತು’ ಎನ್ನುವ ಗ್ಯಾರೇಜಿಗೆ ಗಾಡಿ ಬಿಡಬೇಡಿ.

ಅಲ್ಲಿಂದ ಶುರುವಾಯಿತು ನೆಂಟರ ಸಲಹೆ. ನನ್ನ ಭಾವನದು ಎಲ್ಲರೂ ಕೇಳುವ ಪ್ರಶ್ನೆಯೇ: ‘ಗಾಡಿ ಮಾರಿದ್ರೇ ಐವತ್ತು ಸಾವಿರ ಬರೂದಿಲ್ಲ, ಅದರ ಇಂಜಿನ್ನಿಗೆ ನಲವತ್ತು ಹಾಕ್ತೀಯಲ್ಲ ಭಾವ?’ ಕೇಳಲು ಸರಿಯಾಗಿದೆ. ಆದರೆ ನಾನು ಗಾಡಿ ಮಾರಲು ಹೊರಟವನಲ್ಲ. ಮಾರುವವನಿಗೆ ಬೇಕಾದ ಲೆಕ್ಕವನ್ನು ಓಡಿಸುವವನ ತಲೆಗೆ ಕಟ್ಟುವುದು ತಪ್ಪು. ಇಂಜಿನ್ ಸರಿ ಮಾಡಲು ಒಟ್ಟು ಖರ್ಚು 42,000 ಎಂದು ಮೆಕ್ಯಾನಿಕ್ ಹೇಳಿದ್ದರು. ವರ್ಷಕ್ಕೆ ನನ್ನ ಓಡಾಟ ಹತ್ತು ಹನ್ನೆರಡು ಸಾವಿರ ಕಿ.ಮೀ. ಐದು ವರ್ಷ ನಡೆದರೆ ತಿಂಗಳಿಗೆ 700 ರೂಪಾಯಿ. ಅದರ ಜಾಗಕ್ಕೆ ಬರುವ ಹೊಸ ಈಕೋ ರಸ್ತೆಗಿಳಿಯುವಾಗ ಆರು ಲಕ್ಷ ದಾಟುತ್ತದೆ, ಕಂತು ತಿಂಗಳಿಗೆ ಹತ್ತು ಸಾವಿರದ ಮೇಲೆ. ಆಷಾಢದಲ್ಲೂ ಪುಷ್ಯದಲ್ಲೂ ನನಗೆ ಮದುವೆ ಅಡುಗೆ ಇಲ್ಲ. ಬ್ಯಾಂಕಿಗೆ ಶೂನ್ಯಮಾಸ ಎಂಬುದು ಗೊತ್ತಿಲ್ಲ.

ಹಾಗಂತ ಆ ಲೆಕ್ಕ ಮುಗಿದ ಕೂಡಲೇ ‘ಇಳಿಸಿ ಇಂಜಿನ್’ ಎಂದುಬಿಡಲಿಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಎಷ್ಟು ಸಲ ಬೇಕಾದರೂ ಹಾಕಿಸಬಹುದು, ಆದರೆ ತಳ ತೆಳುವಾದ ಪಾತ್ರೆಗೆ ಹಾಕಿಸುವವನು ದಡ್ಡ. ಬಡಿದರೆ ಸದ್ದಿನಲ್ಲೇ ತಿಳಿಯುತ್ತದೆ. ಗಾಡಿಗೂ ಅದನ್ನೇ ಮಾಡಿಸಿದೆ. ಟಿಂಕರಿಂಗ್ ಮಾಡುವವರು ಗುಂಡಿಗಿಳಿದು, ಕೆಮ್ಮಣ್ಣು ಕೆರೆದು, ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತ ಹೋದರು: ಚಾಸಿಯ ಉದ್ದಕ್ಕೂ, ಬಾಗಿಲ ಕೆಳಗಿನ ಅಂಚು, ಹಿಂದಿನ ಸ್ಪ್ರಿಂಗ್ ಪಟ್ಟಾ ಕೂರುವ ಜಾಗ. ಠಣ್ ಎಂದರೆ ಕಬ್ಬಿಣ, ಬೊದ್ ಎಂದರೆ ತುಕ್ಕು. ಎಡಗಡೆ ಬಾಗಿಲ ಅಡಿಯಲ್ಲಿ ಗೇಣುದ್ದ ಬೊದ್ ಎಂದಿತು. ತಗಡು ಹಾಕಿ ಬೆಸೆಯಬಹುದಾದದ್ದು. ಪಟ್ಟಾ ಕೂರುವ ಜಾಗ ಗಟ್ಟಿ ಇತ್ತು. ಅದು ಮೆತ್ತಗಾಗಿದ್ದರೆ ಇಂಜಿನ್ ಮಾತೇ ಇರಲಿಲ್ಲ, ಗುಜರಿಗೆ ಕೊಡುತ್ತಿದ್ದೆ. ಮಲೆನಾಡಿನ ಮಳೆ ಇಂಜಿನ್ನಿಗಿಂತ ಮೊದಲು ತಗಡನ್ನು ತಿನ್ನುತ್ತದೆ. ಆದರೂ ಎಲ್ಲರೂ ಕೇಳುವುದು ಇಂಜಿನ್ ವಿಷಯ, ಗಾಡಿಯ ಅಡಿಗೆ ಬಗ್ಗಿ ನೋಡುವವರನ್ನು ನಾನು ಕಂಡಿಲ್ಲ.

ಮುಂದಿನ ಪ್ರಶ್ನೆ, ಯಾವ ಇಂಜಿನ್? ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬರು ಸೆಕೆಂಡ್ಸ್ ಇಂಜಿನ್ 25,000ಕ್ಕೆ ಕೊಡುತ್ತೇನೆಂದರು. ಅಪಘಾತವಾದ ಗಾಡಿಯದಂತೆ, ‘ಬರೀ ಅರವತ್ತು ಸಾವಿರ ಓಡಿದ್ದು’ ಅಂತೆ. ಕಾಗದ ಕೇಳಿದರೆ ಚಹಾ ತರಿಸಿದರು. ಚಹಾ ಕುಡಿದು ಬಂದೆ. ಇಂಜಿನ್ ನಂಬರ್ ಕೆತ್ತಿರುವುದು ಬ್ಲಾಕಿನ ಮೇಲೆ, ಬರೆದಿರುವುದು ಆರ್‌ಸಿಯಲ್ಲಿ. ಬೇರೆ ಇಂಜಿನ್ ಕೂರಿಸಿದರೆ ಆರ್‌ಟಿಒದಲ್ಲಿ ತಿದ್ದಿಸಬೇಕು, ವಿಮೆಯವರಿಗೆ ತಿಳಿಸಬೇಕು. ತಿದ್ದಿಸದಿದ್ದರೆ ಕ್ಲೇಮಿನ ದಿನ ಕಣ್ಣೀರು. ಆ ಇಂಜಿನ್ ಕದ್ದ ಗಾಡಿಯದಾಗಿದ್ದರೆ ಪೊಲೀಸ್ ಠಾಣೆಯ ಚಹಾ. ಇರುವ ಇಂಜಿನ್ನಿಗೇ ಬೋರ್ ಮಾಡಿಸಿದರೆ ಬ್ಲಾಕ್ ಅದೇ, ನಂಬರೂ ಅದೇ. ಲೇತ್‌ನವರು ಸಿಲಿಂಡರನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತಾರೆ, ಅದಕ್ಕೆ ತಕ್ಕ ದಪ್ಪದ ಪಿಸ್ಟನ್, ರಿಂಗ್ ಹಾಕುತ್ತಾರೆ. ಹೀಗೆ ಒಂದೆರಡು ಸಲ ಮಾಡಬಹುದು, ಆಮೇಲೆ ಗೋಡೆ ತೆಳುವಾಗುತ್ತದೆ. ನನ್ನದಕ್ಕೆ ಇದು ಮೊದಲ ಸಲ.

ಇಂಜಿನ್ ಕೆಳಗಿಳಿದಾಗಲೇ ಕ್ಲಚ್ ಪ್ಲೇಟ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್ ಬದಲಿಸಿದೆ. ಇಲ್ಲದಿದ್ದರೆ ಆರು ತಿಂಗಳಿಗೆ ಮತ್ತೆ ಅದೇ ಕೂಲಿ ಕೊಡಬೇಕು. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನೂ ಹೊಸದು ಮಾಡಿಸಿದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ್ದು. 2004ರ ರಬ್ಬರ್ ಅದನ್ನು ಕನಸಲ್ಲೂ ಕಂಡಿರಲಿಲ್ಲ. ಇಷ್ಟಕ್ಕೆಲ್ಲ ಹನ್ನೆರಡು ದಿನ ಹಿಡಿಯಿತು. ಆಷಾಢವಾದ್ದರಿಂದ ಬಚಾವ್.

ಎಲ್ಲರೂ ಹೀಗೆ ಮಾಡಲಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿರುವ ತಂಗಿಯ ಮಗ ತನ್ನ 2012ರ ಡೀಸೆಲ್ ಕಾರಿಗೆ ಇದೇ ಪ್ರಶ್ನೆ ಇಟ್ಟುಕೊಂಡು ಬಂದ. ಟರ್ಬೊ, ಇಂಜೆಕ್ಟರ್, ಪಂಪ್ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಅಂದಾಜು ಪಟ್ಟಿ. ಕಾರು ಓಡುವುದು ವಾರಕ್ಕೊಮ್ಮೆ. ‘ಮಾರಿಬಿಡು ಮಾರಾಯ, ಊರಿಗೆ ರೈಲಲ್ಲಿ ಬಾ’ ಎಂದೆ. ಮಾರಿದ. ತಲೆಹೊರೆ ಇಳಿಯಿತು ಎಂದು ಅವನ ಹೆಂಡತಿ ಇನ್ನೂ ನನ್ನನ್ನು ಹೊಗಳುತ್ತಾಳೆ.

ನನ್ನ ತಕರಾರು ಸರ್ಕಾರದ ಲೆಕ್ಕದ ಮೇಲೆ. 2019ರಲ್ಲಿ ಗಾಡಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2024ರಲ್ಲಿ ಕಟ್ಟಿದೆ, ಹಸಿರು ತೆರಿಗೆ ಬೇರೆ. ಇಂಜಿನ್ ಕೂರಿಸಿ ಸ್ವಲ್ಪ ದಿನವಷ್ಟೇ ಆಗಿತ್ತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಇನ್ನೊಂದು ಆದೇಶ: 20 ವರ್ಷ ದಾಟಿದ ಕಾರಿಗೆ 10,000. ಅಂದರೆ 2029ಕ್ಕೆ ನನ್ನ ಸರದಿ. ಕೊಡುವುದಕ್ಕೆ ಬೇಸರವಿಲ್ಲ. ಆದರೆ ಆ ದುಡ್ಡಿಗೆ ಪ್ರತಿಯಾಗಿ ಗಾಡಿಯನ್ನು ನೋಡಬೇಕಲ್ಲ? 2024ರ ತಪಾಸಣೆಯಲ್ಲಿ ಚಾಸಿ ನಂಬರ್ ತಾಳೆ ನೋಡಿದರು, ದೀಪ ಹಾಕಿಸಿದರು, ಹಾರ್ನ್ ಹೊಡೆಸಿದರು. ಅಡಿಗೆ ಯಾರೂ ಬಗ್ಗಲಿಲ್ಲ. ಹೊಗೆ ಉಗುಳುವ ಗಾಡಿಗೂ, ಬೋರ್ ಮಾಡಿಸಿ ಬೆಸುಗೆ ಹಾಕಿಸಿದ ಗಾಡಿಗೂ ಒಂದೇ ಶುಲ್ಕ. ನೋಡುವುದು ಹುಟ್ಟಿದ ಇಸವಿ ಮಾತ್ರ. ಗುಜರಿಗೆ ಕೊಟ್ಟರೆ ಹೊಸ ಗಾಡಿಯ ತೆರಿಗೆಯಲ್ಲಿ 25 ಪ್ರತಿಶತದವರೆಗೆ ರಿಯಾಯಿತಿ ಉಂಟು, ಸರಿ. ಅದು ಹೊಸದು ಕೊಳ್ಳಬಲ್ಲವನಿಗೆ. ದುರಸ್ತಿ ಮಾಡಿಸಿಕೊಂಡು ಹೊಗೆ ನಿಲ್ಲಿಸಿದವನಿಗೆ ಅರ್ಧ ಶುಲ್ಕವಾದರೂ ಬಿಟ್ಟರೆ ಗ್ಯಾರೇಜುಗಳಲ್ಲಿ ಸಾಲು ನಿಲ್ಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಬಳಿ ಉತ್ತರವಿಲ್ಲ. ಓಮ್ನಿಗೆ ಮೂತಿಯಿಲ್ಲ. ಢಿಕ್ಕಿಯಾದರೆ ಮೊದಲು ಸಿಗುವುದು ನನ್ನ ಮೊಣಕಾಲು. ಏರ್‌ಬ್ಯಾಗ್ ಕೇಳಲೇಬೇಡಿ. ಬೋರ್ ಮಾಡಿಸಿದರೆ ಇದೇನೂ ಬದಲಾಗುವುದಿಲ್ಲ. ಮೊಮ್ಮಗಳನ್ನು ಅದರಲ್ಲಿ ಕೂರಿಸಕೂಡದೆಂದು ಮನೆಯವಳು ಕಟ್ಟುನಿಟ್ಟು ಮಾಡಿದ್ದಾಳೆ, ನಾನು ವಾದಿಸಲಿಲ್ಲ. ದೂರ ಹೋಗುವುದಾದರೆ ಸಾಗರದಲ್ಲಿ ರೈಲು ಹತ್ತುತ್ತೇವೆ. ಓಮ್ನಿ ಏನಿದ್ದರೂ ಪಾತ್ರೆಗೆ, ನನಗೆ.

ಮೊದಲ ಸಾವಿರ ಕಿ.ಮೀ. 50ರ ಮೇಲೆ ಓಡಿಸಬೇಡಿ ಎಂದಿದ್ದರು. ಶ್ರಾವಣದ ಮೊದಲ ಅಡುಗೆಗೆ ತುಮರಿ ಕಡೆಗೇ ಹೊರಟೆ, ಈ ಸಲ ಹೊಸ ಸೇತುವೆಯ ಮೇಲೆ. ಸಿಗಂದೂರಿಗೆ ಹೋಗುವ ಕಾರುಗಳೆಲ್ಲ ಹಾರ್ನ್ ಹೊಡೆಯುತ್ತ ನನ್ನನ್ನು ಹಿಂದೆ ಹಾಕಿದವು. ಹಿಂದಿನ ಸೀಟಿನ ಜಾಗದಲ್ಲಿ ಕುಳಿತಿದ್ದ ನನ್ನ ಸಹಾಯಕ ಕೊಪ್ಪರಿಗೆಯ ಮೇಲೆ ಕೈಯಿಟ್ಟುಕೊಂಡು ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದ. ‘ಹೊಗೆ ಉಂಟನಾ?’ ಎಂದೆ. ‘ಸೇತುವೆ ಪೂರ್ತಿ ಕಾಣ್ತದೆ ಭಟ್ರೇ’ ಎಂದ.