ದಾರ ಎಲ್ಲಿ ತುಂಡಾಗಬೇಕು?

ಕಾಪು, ಮಲ್ಪೆ, ಮರವಂತೆ ಮೊದಲಾದ ನಮ್ಮ ಕಡಲತೀರಗಳಲ್ಲಿ ಅಲೆಯಂಚಿಗೆ ನಿಂತು ಗಾಳ ಹಾಕುವ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ಈ ದಾರ ಎಷ್ಟು ಕಿಲೋ ತಡೆಯುತ್ತದೆ ಎಂಬುದು. ಪ್ರಶ್ನೆ ಸಹಜವಾದದ್ದೇ, ಆದರೆ ಅದಕ್ಕಿಂತ ಮುಂಚೆ ವಿಚಾರಿಸತಕ್ಕದ್ದು, ಹರಿಯುವ ಪ್ರಸಂಗ ಬಂದಾಗ ಈ ದಾರ ಎಲ್ಲಿ ಹರಿಯಬೇಕು ಎಂಬುದೆಂದು ನನ್ನ ದೃಢವಾದ ಅಭಿಪ್ರಾಯ.

ಅಲೆಗಳಾಚೆಗೆ ಗಾಳವೆಸೆಯುವವನು ನೂರು ಗ್ರಾಂ ಸೀಸದ ಗುಂಡನ್ನು ಮೈಯ ಬಲವನ್ನೆಲ್ಲ ಕೂಡಿಸಿ ಬೀಸುತ್ತಾನೆ. ತೆಳುದಾರ ಆ ಜಗ್ಗುವಿಕೆಯನ್ನು ತಾಳದೆ ಹರಿದುದಾದರೆ, ಗುಂಡು ಗುರಿ ತಪ್ಪಿ ಹಾರಿ ಮರಳಿನಲ್ಲಿ ಆಡುತ್ತಿರುವ ಮಗುವಿನ ತಲೆಯೊಡೆಯಬಲ್ಲುದು. ಆದಕಾರಣವೇ ರೀಲಿನ ದಾರದ ಮುಂದೆ ದಪ್ಪದಾರದ ಒಂದು ತುಂಡನ್ನು ಜೋಡಿಸುವ ಪದ್ಧತಿ ಬಳಕೆಗೆ ಬಂದಿತು. ಹವ್ಯಾಸಿಗಳು ಇದನ್ನು ಷಾಕ್ ಲೀಡರ್ ಎನ್ನುತ್ತಾರೆ. ಸೀಸದ ಪ್ರತಿ ಔನ್ಸಿಗೆ ೧೦ ಪೌಂಡಿನ ಬಲ ಎಂಬುದು ರೂಢಿಯ ಲೆಕ್ಕ. ಅಂದರೆ ೧೦೦ ಗ್ರಾಮಿಗೆ ಸುಮಾರು ೧೬ ಕಿಲೋ. ಈ ದಪ್ಪದಾರ ರೀಲಿನ ಮೇಲೆ ನಾಲ್ಕೈದು ಸುತ್ತು ಕುಳಿತು, ಕೋಲಿನ ತುದಿಯನ್ನು ದಾಟಿ ಸೀಸದವರೆಗೆ ಇಳಿಬೀಳುವಷ್ಟು ಉದ್ದವಿರಬೇಕು. ಇದರಲ್ಲಿ ಉಳಿತಾಯವನ್ನು ಯೋಚಿಸಲೇಕೂಡದು.

ರೀಲಿಗೆ ಯಾವ ದಾರವೆಂಬುದನ್ನು ನೆಲ ನಿರ್ಣಯಿಸುತ್ತದೆ. ಹಿಂದೆ ಗಾಳದ ತುದಿಗೆ ರೇಷ್ಮೆಹುಳುವಿನ ಕರುಳೆಳೆಯನ್ನು ಕಟ್ಟುತ್ತಿದ್ದರು. ೧೯೩೫ರಲ್ಲಿ ರಸಾಯನವಿಜ್ಞಾನಿ ಕ್ಯಾರೊಥರ್ಸನ ಪ್ರಯೋಗಶಾಲೆಯಲ್ಲಿ ನೈಲಾನ್ ಹುಟ್ಟಿದ ಮೇಲೆ ಆ ಕರುಳೆಳೆ ಕ್ರಮೇಣ ಮರೆಯಾಯಿತು. ಒಂಟಿ ಎಳೆಯ ನೈಲಾನ್ ಜಗ್ಗಿದರೆ ಹಿಗ್ಗುತ್ತದೆ, ಆದುದರಿಂದಲೇ ಆಘಾತವನ್ನು ಸಹಿಸುತ್ತದೆ. ಪಾಲಿಥಿಲೀನಿನ ಹೆಣೆದ ದಾರವಾದರೋ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಮರಳುನೆಲದಲ್ಲಿ ಕಾಣೆ ಮೀನು ಎರೆಯನ್ನು ಮುಟ್ಟಿದ್ದೂ ಬೆರಳಿಗೆ ತಿಳಿಯುತ್ತದೆ, ಆದರೆ ಬಿಗಿದಿರುವಾಗ ಬಂಡೆಯ ಅಂಚಿಗೆ ಒಮ್ಮೆ ಉಜ್ಜಿದರೆ ಸಾಕು, ಕಡಿದುಹೋಗುತ್ತದೆ. ಮಲ್ಪೆಯ ಮರಳಿಗೆ ಹೆಣೆದ ದಾರವನ್ನೂ, ಕಾಪುವಿನ ದೀಪಸ್ತಂಭದ ಸುತ್ತಲಿನ ಬಂಡೆಗಳಿಗೆ ನೈಲಾನನ್ನೂ ನಾನು ಆರಿಸುವೆನು.

ಕಾಣೆ ಮೀನಿಗೆ, ಕೆಳಗೆ ಸೀಸವೂ ಅದರ ಮೇಲೆ ಎರಡು ಗಿಡ್ಡ ಕವಲುದಾರಗಳೂ ಇರುವ ಕಟ್ಟು ಧಾರಾಳವಾಗಿ ಸಾಕು. ಬಂಡೆಗಳ ನಡುವೆ ಸೀಸವನ್ನೇ ತೆಳುದಾರದಿಂದ ತೂಗಬಿಟ್ಟರೆ, ಅದು ಸಿಕ್ಕಿಕೊಂಡಾಗ ಗುಂಡೊಂದು ಮಾತ್ರ ಹೋಗಿ ಉಳಿದದ್ದೆಲ್ಲ ಕೈಸೇರುತ್ತದೆ. ಆದರೆ ಬೀಸುವಾಗಿನ ಭಾರ ಆ ತೆಳುದಾರದ ಮೇಲೆ ಬೀಳದಂತೆ ಗುಂಡನ್ನು ಕೊಂಡಿಗೆ ಸಿಕ್ಕಿಸಿರಬೇಕು. ಕೊಕ್ಕೆ ಕಟ್ಟಿದ ಕವಲುದಾರವಂತೂ ರೀಲಿನ ದಾರಕ್ಕಿಂತ ಕಡಿಮೆ ಬಲದ್ದೇ ಆಗಿರತಕ್ಕದ್ದು. ಆಗ ದೊಡ್ಡ ಮೀನು ಕಿತ್ತುಕೊಂಡು ಹೋದರೂ ಅದರ ಬಾಯಲ್ಲಿ ಉಳಿಯುವುದು ಗೇಣುದ್ದದ ದಾರ. ಹಾಗಿಲ್ಲದಿದ್ದರೆ ಐವತ್ತು ಮೀಟರು. ಹೊನ್ನಾವರ, ಕುಂದಾಪುರಗಳ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳ ಕಾಲಿಗೆ ತೊಡರುವುದು ಇಂಥ ಉದ್ದದ ದಾರವೇ.

ಇನ್ನು ಗಂಟು. ಒಣದಾರದ ಗಂಟನ್ನು ಸರಕ್ಕನೆ ಎಳೆದರೆ ಉಜ್ಜುವ ಬಿಸಿಗೆ ನೈಲಾನು ಅಲ್ಲಿಯೇ ಬಲಗುಂದುತ್ತದೆ. ಎಂಜಲಿನಿಂದ ಒದ್ದೆ ಮಾಡಿ ಮೆಲ್ಲನೆ ಬಿಗಿಯಬೇಕು. ಕೊಕ್ಕೆಯ ಕಣ್ಣಿನಿಂದಾಚೆ ಐದಾರು ಸುತ್ತು ಹಾಕಿ ತುದಿಯನ್ನು ಹಿಂದಕ್ಕೆ ಪೋಣಿಸುವ ಸಾಮಾನ್ಯ ಗಂಟು ನೈಲಾನಿಗೆ ನಂಬಿಗಸ್ತವಾದದ್ದು, ಆದರೆ ನುಣುಪಾದ ಹೆಣೆದ ದಾರದಲ್ಲಿ ಅದು ಜಾರುತ್ತದೆ. ಅದಕ್ಕೆ ದಾರವನ್ನು ಜೋಡಿಮಾಡಿ ಕಣ್ಣೊಳಗೆ ತೂರಿಸಿ ಕಟ್ಟುವ ಪಾಲೋಮರ್ ಗಂಟೇ ಯೋಗ್ಯ. ಮೀನು ತಪ್ಪಿಸಿಕೊಂಡಾಗ ವಿಧಿಯನ್ನು ಹಳಿಯದೆ ನೈಲಾನಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿರಿ: ಹಂದಿಯ ಬಾಲದಂತೆ ಸುರುಳಿಗೊಂಡಿದ್ದರೆ ಗಂಟು ಜಾರಿದೆ, ಹೆರೆದಂತೆ ಒರಟಾಗಿದ್ದರೆ ಬಂಡೆ ತಿಂದಿದೆ. ಎರಡಕ್ಕೂ ಪರಿಹಾರ ಬೇರೆಬೇರೆ, ಆದರೆ ಬಹುಮಂದಿ ಎರಡಕ್ಕೂ ದಪ್ಪದಾರವನ್ನೇ ಕೊಳ್ಳುತ್ತಾರೆ.

ಗಾಳದ ಸಾಮಾನು ಮಾರುವವರು ಈ ಎರಡು ಗಂಟುಗಳನ್ನು ಗಿರಾಕಿಯ ಕೈಯಿಂದಲೇ ಒಮ್ಮೆ ಕಟ್ಟಿಸಿ ದಾರ ಕೊಡುವುದು ಕಷ್ಟದ ಮಾತಲ್ಲ. ತೀರದ ಗ್ರಾಮಪಂಚಾಯತಿಗಳೂ ನಗರಸಭೆಗಳೂ ಗಾಳ ಹಾಕುವ ಸ್ಥಳಗಳಲ್ಲಿ ಹಳೆಯ ದಾರ ಹಾಕಲೆಂದೇ ಒಂದೊಂದು ಮುಚ್ಚಿದ ಪೆಟ್ಟಿಗೆಯನ್ನು ಇಡತಕ್ಕದ್ದು. ಮುಂದಿನ ಮಳೆಗಾಲ ತೊಡಗುವುದರೊಳಗಾಗಿ ಇದಿಷ್ಟು ನೆರವೇರಬೇಕೆಂದು ಕೇಳುತ್ತೇನೆ.