ಮಾದಪ್ಪನ ಹುಂಡಿಯಂತೆ ಇದನ್ನೂ ಎಣಿಸಲಿ



"ಅಮೆರಿಕದೋರೇ ಬಿಟ್‌ಕಾಯಿನ್ ಮಡಗವ್ರಂತ ಕಣಣ್ಣ, ನಮ್ಮೋರು ಯಾಕ ಮಡಗಬಾರ್ದು?" ಬದನಗುಪ್ಪೆಯ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಟೀ ಅಂಗಡಿಯಲ್ಲಿ ಕೇಳಿದ. ಪ್ರಶ್ನೆ ಸರಿಯಾಗಿಯೇ ಇದೆ. 2025ರ ಮಾರ್ಚ್ 6ರಂದು ಅಧ್ಯಕ್ಷ ಟ್ರಂಪ್ ಆದೇಶವೊಂದಕ್ಕೆ ಸಹಿ ಹಾಕಿದ ಮೇಲೆ ಅಲ್ಲಿ ಬಿಟ್‌ಕಾಯಿನ್ ದೇಶದ ಮೀಸಲು ನಿಧಿಗೆ ಸೇರಿತು. ಅದಕ್ಕೆ ಮೂಲ ಬಂಡವಾಳ, ಕೇಸುಗಳಲ್ಲಿ ಮುಟ್ಟುಗೋಲಾದ ನಾಣ್ಯಗಳು. ಯಾವ ಇಲಾಖೆಯ ಬಳಿ ಎಷ್ಟಿದೆ, 30 ದಿನದೊಳಗೆ ಲೆಕ್ಕ ಕೊಡಿ ಎಂದೂ ಅದೇ ಆದೇಶದಲ್ಲಿತ್ತು. ಅಂದರೆ ಅಷ್ಟು ದೊಡ್ಡ ಸರ್ಕಾರಕ್ಕೂ ತನ್ನ ಗಂಟಿನ ಲೆಕ್ಕ ಒಂದೆಡೆ ಇರಲಿಲ್ಲ.

ನಮ್ಮದು? 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ 11.5 ಕೋಟಿ ರೂಪಾಯಿ ಎಗರಿಸಿದರು. ಆ ಪ್ರಕರಣದ ಆರೋಪಿಯಿಂದ 9 ಕೋಟಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡೆವೆಂದು ಬೆಂಗಳೂರು ಪೊಲೀಸರು 2021ರ ಜನವರಿಯಲ್ಲಿ ಪ್ರಕಟಿಸಿದರು. ವರ್ಷ ತುಂಬುವ ಮುನ್ನ ಗೊತ್ತಾಯಿತು: ಆತ ತೋರಿಸಿದ ವಾಲೆಟ್ ಆತನದಲ್ಲ, ಕ್ರಿಪ್ಟೊ ವಿನಿಮಯ ಕಂಪನಿಯೊಂದರದು! ಪೊಲೀಸರ ಕೈಗೆ ನಾಣ್ಯ ಬಂದೇ ಇರಲಿಲ್ಲ. 2023ರಲ್ಲಿ ಇದರ ತನಿಖೆಗೆ ವಿಶೇಷ ತಂಡ (ಎಸ್‌ಐಟಿ) ರಚನೆಯಾಯಿತು. ಯಾರು ತಪ್ಪಿತಸ್ಥರೆಂದು ಕೋರ್ಟು ಹೇಳಲಿ. ನನ್ನ ಚಿಂತೆ ಬೇರೆ.

ಕದ್ದ ಒಡವೆ ಸಿಕ್ಕರೆ ಪಂಚರ ಮುಂದೆ ತೂಗುತ್ತಾರೆ, ಚೀಟಿ ಹಚ್ಚಿ ಅರಗು ಹಾಕುತ್ತಾರೆ. ಬಿಟ್‌ಕಾಯಿನ್‌ಗೆ ತೂಕವಿಲ್ಲ. ಹನ್ನೆರಡೋ ಇಪ್ಪತ್ನಾಲ್ಕೋ ಪದಗಳ ಒಂದು ಸಾಲು, ಅದೇ ಕೀಲಿ. ಅದನ್ನು ಬರೆದುಕೊಂಡ ಚೀಟಿ ಮುದ್ದೆಮಾಲು ಕೋಣೆಯಲ್ಲಿ ಭದ್ರವಾಗಿದ್ದರೂ, ಒಮ್ಮೆ ಓದಿ ನೆನಪಿಟ್ಟವನು ಮನೆಯಲ್ಲಿ ಕೂತು ನಾಣ್ಯ ಸಾಗಿಸಬಲ್ಲ. ಚೀಟಿ ಮಾತ್ರ ಇದ್ದಲ್ಲೇ ಇರುತ್ತದೆ.

ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾದಪ್ಪನ ಹುಂಡಿ ಎಣಿಸುವುದನ್ನು ನೋಡಿದ್ದೀರಿ. ಅಧಿಕಾರಿಗಳು, ಪೊಲೀಸರು, ಬ್ಯಾಂಕಿನವರು, ಮೇಲೊಂದು ಕ್ಯಾಮೆರಾ. ನಗದೆಷ್ಟು, ಚಿನ್ನ ಎಷ್ಟು ಗ್ರಾಂ, ಬೆಳ್ಳಿ ಎಷ್ಟು ಕಿಲೋ ಎಂದು ಪೇಪರಿನಲ್ಲಿ ಬರುತ್ತದೆ. ರಿಸರ್ವ್ ಬ್ಯಾಂಕೂ ಹೀಗೆಯೇ: 2025ರ ಮಾರ್ಚ್ ಕೊನೆಗೆ 879.59 ಟನ್ ಚಿನ್ನ, ಅದರಲ್ಲಿ 511.99 ಟನ್ ದೇಶದೊಳಗೇ ಇದೆ ಎಂದು ವರದಿಯಲ್ಲೇ ಬರೆದಿದೆ. ದೇಶ ಬಿಟ್‌ಕಾಯಿನ್ ಮಡಗಬೇಕೇ ಎನ್ನುವುದು ದೆಹಲಿಯ ಮಾತು (ನನ್ನನ್ನು ಕೇಳಿದರೆ, ಇಷ್ಟು ಏರಿಳಿಯುವುದು ಆಪತ್ಕಾಲಕ್ಕಲ್ಲ). ವಶಪಡಿಸಿಕೊಂಡದ್ದರ ಲೆಕ್ಕ ಬೆಂಗಳೂರಿನದು. ಅದನ್ನು ನಾವು ಕೇಳಬಹುದು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ರಾಜ್ಯ ಪೊಲೀಸ್ ಮಹಾನಿರ್ದೇಶಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಬರೆಯಿರಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ವಿಷಯವೂ ಒಂದೇ ಇರಬೇಕು. ವಶಪಡಿಸಿಕೊಂಡ ಕ್ರಿಪ್ಟೊ ಎಷ್ಟು, ಕಾಯುವ ಜವಾಬ್ದಾರಿ ಯಾವ ಹುದ್ದೆಯವರದು, ಕೀಲಿ ಒಬ್ಬರ ಕೈಯಲ್ಲೋ ಹಲವರ ಕೈಯಲ್ಲೋ, ಇದಕ್ಕೆ ಲಿಖಿತ ನಿಯಮವಿದ್ದರೆ ಅದರ ಪ್ರತಿ ಕೊಡಿ ಎಂದು ಕೇಳಿ. ಕೀಲಿಯ ಪದಗಳನ್ನು ಕೇಳಬೇಡಿ, ಮತ್ತೆ! ಸ್ಪೀಡ್ ಪೋಸ್ಟ್ ರಸೀದಿ ಎತ್ತಿಡಿ, ಒಂದು ಜೆರಾಕ್ಸ್ ಶಾಸಕರಿಗೂ ಕೊಡಿ. ಉತ್ತರ ಕೊಡಲು ಅವರಿಗೆ 30 ದಿನವಿದೆ. ಬಂದದ್ದನ್ನು ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಚ್ಚಿ. ಆ ಟೀ ಅಂಗಡಿಯ ಹುಡುಗನೂ ಓದಲಿ.